ಹಿಂದಿನ ಚಕ್ರದ ಸದ್ದನ್ನು ಸಾಕಿ ಬೆಳೆಸುವ ಕ್ರಮ

ಸೈಕಲ್ಲಿನ ಹಿಂದಿನ ಚಕ್ರದ ಹಬ್ ಸದ್ದು ಮಾಡತೊಡಗಿತೆಂದು ಗಾಬರಿಬಿದ್ದು ಅದನ್ನು ಬಿಚ್ಚಲು ಹೋಗಬೇಡಿ. ಬಿಚ್ಚಿದರೆ ಒಳಗಿರುವುದು ಕಾಣುತ್ತದೆ. ಕಂಡರೆ ಒರೆಸಬೇಕಾಗುತ್ತದೆ. ಒರೆಸಿ, ಹೊಸ ಗ್ರೀಸು ಹಚ್ಚಿ ಮುಚ್ಚಿದಿರೋ, ಸದ್ದು ನಿಂತೇ ಹೋಗುತ್ತದೆ. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಒಂದು ಗಂಟೆಯಲ್ಲಿ ಮುಗಿಸಿಬಿಟ್ಟರೆ ವರ್ಷದ ಉಳಿದ ದಿನಗಳಲ್ಲಿ ಯಾವುದರ ಬಗ್ಗೆ ಗೊಣಗುತ್ತೀರಿ?

ಈ ಮಾರ್ಗದರ್ಶಿ ಮುಖ್ಯವಾಗಿ ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ: ಪಶ್ಚಿಮ ಮಾಂಬಲದಲ್ಲೋ ಅಯನಾವರದಲ್ಲೋ ಬಾಡಿಗೆ ಮನೆ ಹಿಡಿದು, ಮೆಟ್ಟಿಲ ಕೆಳಗೆ ಒಂದು ಸೈಕಲ್ ನಿಲ್ಲಿಸಿಕೊಂಡಿರುವವರಿಗೆ. ಬೆಂಗಳೂರಿನವರೂ ಓದಬಹುದು. ಆದರೆ ಅವರಿಗೆ ಸಮುದ್ರವಿಲ್ಲ, ಫಲಿತಾಂಶ ನಿಧಾನವಾಗಿ ಬರುತ್ತದೆ, ಬೇಸರಿಸಬಾರದು.

ಮೊದಲು ಗುರಿಯನ್ನು ಗಟ್ಟಿಮಾಡಿಕೊಳ್ಳಿ. ಸದ್ದು ಶುರುವಾದ ದಿನ ಕೆಟ್ಟಿರುವುದು ಸಾಮಾನ್ಯವಾಗಿ ಗ್ರೀಸು ಮಾತ್ರ. ಹಾಗೇ ಬಿಟ್ಟರೆ ಒಳಗಿನ ಬೇರಿಂಗ್ ಗುಂಡುಗಳು ಸವೆಯುತ್ತವೆ. ಸವೆದ ಗುಂಡಿನ ಮೇಲೆ ಓಡಿಸುತ್ತಿದ್ದರೆ ಅವು ಉರುಳುವ ಕೋನಿನ ಮೈಯಲ್ಲಿ ಗುಳಿ ಬೀಳುತ್ತದೆ. ಕೋನು ಹೋದ ಮೇಲೂ ಓಡಿಸಿದರೆ ಎದುರಿನ ಕಪ್ ಹೋಗುತ್ತದೆ. ಗುಂಡು, ಕೋನು ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಇಬ್ಬರು ಹೋಟೆಲಿನಲ್ಲಿ ತಿಂಡಿ ತಿಂದಷ್ಟೂ ಖರ್ಚಾಗುವುದಿಲ್ಲ. ಕಪ್ ಹಾಗಲ್ಲ. ಅದನ್ನು ಹಬ್‌ನೊಳಗೇ ಒತ್ತಿ ಕೂರಿಸಿರುತ್ತಾರೆ, ಅದು ಹೋದರೆ ಹಬ್ಬೇ ಹೊಸದು ಬೇಕು. ಹಬ್ ಬದಲಿಸಲು ಕಡ್ಡಿಗಳನ್ನೆಲ್ಲ ಬಿಚ್ಚಬೇಕು. ಹಳೇ ಕಾಲದ ಕಪ್ಪು ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಬಿಚ್ಚುವಾಗ ತುಕ್ಕು ಹಿಡಿದ ನಿಪ್ಪಲ್ಲುಗಳು ಒಂದೊಂದಾಗಿ ಮುರಿಯುತ್ತವೆ. ಕಡ್ಡಿ ಹೊಸದಾದ ಮೇಲೆ ಹಳೇ ರಿಮ್ಮು ಯಾಕೆ ಅನ್ನಿಸುತ್ತದೆ. ಹೀಗೆ ಒಂದು ಚಮಚ ಗ್ರೀಸಿನಿಂದ ಹೊರಟು ಇಡೀ ಚಕ್ರದವರೆಗೆ ಹೋಗಿ ಮುಟ್ಟಬೇಕು. ದಾರಿ ಉದ್ದವಿದೆ, ನಡುವೆ ಎಲ್ಲೂ ಸರಿಪಡಿಸಿಬಿಡುವ ಆಸೆಗೆ ಬೀಳಬೇಡಿ.

ಒಳಗೇನಿದೆ ಎಂದು ಸ್ವಲ್ಪ ತಿಳಿದಿರಲಿ. ಏನೂ ತಿಳಿಯದವನು ಸುಮ್ಮನಿದ್ದುಬಿಡುತ್ತಾನೆ, ಪೂರ್ತಿ ತಿಳಿದವನು ಸರಿಮಾಡಿಬಿಡುತ್ತಾನೆ. ಹಬ್‌ನ ನಡುವೆ ಆಕ್ಸಲ್. ಅದರ ಎರಡೂ ಕಡೆ ಒಂದೊಂದು ಕೋನು, ಎದುರಿಗೆ ಕಪ್, ನಡುವೆ ಕಾಲಂಗುಲದ ಒಂಬತ್ತೊಂಬತ್ತು ಗುಂಡು. ಬಲಗಡೆ ಚೈನು ಕೂರುವ ಫ್ರೀವೀಲು. ಅದರ ಹೊಟ್ಟೆಯಲ್ಲಿ ಎರಡು ಪುಟ್ಟ ಕೊಕ್ಕೆಗಳು, ಅವನ್ನು ಎತ್ತಿ ಹಿಡಿಯುವ ತೆಳು ತಂತಿಯ ಸ್ಪ್ರಿಂಗು. ಪೆಡ್ಲು ತುಳಿದಾಗ ಕೊಕ್ಕೆಗಳು ಒಳಹಲ್ಲಿಗೆ ಸಿಕ್ಕಿ ಚಕ್ರವನ್ನು ತಿರುಗಿಸುತ್ತವೆ. ತುಳಿಯುವುದನ್ನು ನಿಲ್ಲಿಸಿದಾಗ ಹಲ್ಲಿನ ಮೇಲೆ ಜಾರುತ್ತ ಟಿಕ್‌ಟಿಕ್ ಅನ್ನುತ್ತವೆ. ಆ ಟಿಕ್‌ಟಿಕ್ ಆರೋಗ್ಯದ ಲಕ್ಷಣ, ಕರಕರ ಅನ್ನುವುದು ರೋಗ. ನೀವು ಇದನ್ನು ತಿರುಗಾಮುರುಗಾ ನಂಬಿ. ಟಿಕ್‌ಟಿಕ್ ಕೇಳಿಸಿದರೆ ನಿದ್ದೆಗೆಡಿ. ಕರಕರ ಕೇಳಿಸಿದರೆ "ಹಳೇ ಸೈಕಲ್ ಅಲ್ವಾ, ಇರತ್ತೆ" ಅಂದು ಹೊರಡಿ.

ಒಂದು ಅನನುಕೂಲ ಮೊದಲೇ ಹೇಳಿಬಿಡುತ್ತೇನೆ. ನೀವಿರುವುದು ಸೈಕಲ್ಲುಗಳು ತಯಾರಾದ ಊರಿನಲ್ಲಿ. 1949ರಲ್ಲಿ ಮುರುಗಪ್ಪ ಬಳಗ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಕೈಜೋಡಿಸಿ ಇಲ್ಲಿ ಟಿಐ ಸೈಕಲ್ಸ್ ಕಂಪನಿಯನ್ನು ಕಟ್ಟಿತು, ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ತಯಾರಾದವು. ನಮ್ಮ ಹಳ್ಳಿಗಳಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಕಲಿತು ಮೊಣಕಾಲು ತರಚಿಕೊಂಡವರಲ್ಲಿ ಎಷ್ಟೋ ಜನ ಬಿದ್ದದ್ದು ಈ ಊರಿನ ಸೈಕಲ್ಲಿನಿಂದಲೇ. ಹಾಗಾಗಿ ಇಲ್ಲಿ ಹಬ್ ಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ಶಾಲೆಯ ಹುಡುಗರೂ ಕಡಿಮೆಯಿಲ್ಲ. ಹನ್ನೊಂದನೇ ತರಗತಿಗೆ ಸರ್ಕಾರ ಕೊಡುವ ಸೈಕಲ್ಲನ್ನು ಬಿಚ್ಚಿ ಜೋಡಿಸಿ ಪಳಗಿದವರು ಅವರು. ಇವರೆಲ್ಲರಿಂದ ತಪ್ಪಿಸಿಕೊಳ್ಳುವುದು ನಿಮ್ಮ ಮೊದಲ ಕೆಲಸ.

ಈಗ ರೋಗಪತ್ತೆ. ಸರಿಯಾದ ಪರೀಕ್ಷೆ ತೀರಾ ಸುಲಭ, ಆದ್ದರಿಂದಲೇ ಅಪಾಯಕಾರಿ. ಪೆಡ್ಲು ನಿಲ್ಲಿಸಿದಾಗ ಮಾತ್ರ ಸದ್ದು ಬಂದರೆ ಫ್ರೀವೀಲು. ತುಳಿಯುವಾಗ ಮಾತ್ರ ಬಂದರೆ ಚೈನು, ಇಲ್ಲವೇ ಪೆಡ್ಲಿನ ಕಡೆಯದು. ಎರಡರಲ್ಲೂ ಬಂದರೆ ಹಬ್‌ನ ಗುಂಡು. ಸುತ್ತಿಗೊಮ್ಮೆ ಮಾತ್ರ ಬಂದರೆ ರಿಮ್ಮಿನ ಬೆಂಡೋ ಮುರಿದ ಕಡ್ಡಿಯೋ. ಇನ್ನೂ ಅನುಮಾನವಿದ್ದರೆ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ಸೀಟಿನ ಕೆಳಗಿನ ಪೈಪಿನ ಮೇಲಿಟ್ಟರೆ ಕರಕರ ನೇರ ಬೆರಳಿಗೇ ತಿಳಿಯುತ್ತದೆ. ಓದಿದಿರಲ್ಲ, ಇನ್ನು ಮರೆತುಬಿಡಿ.

ಪರೀಕ್ಷೆಗೆ ಸಂಜೆ ಆರು ಗಂಟೆಯ ಅಣ್ಣಾ ಸಾಲೈಯನ್ನು ಆರಿಸಿಕೊಳ್ಳಿ. ಒಂದು ಕಡೆ ಎಂಟಿಸಿ ಬಸ್ಸು, ಇನ್ನೊಂದು ಕಡೆ ಶೇರ್ ಆಟೋ, ಹಿಂದೆ ನೀರಿನ ಲಾರಿ ಇರುವಂತೆ ನೋಡಿಕೊಳ್ಳಿ. ಹಬ್ ಕೇಳಿಸದಿದ್ದರೆ ಹಬ್ ಸರಿಯಾಗಿದೆ ಎಂದು ತೀರ್ಮಾನಿಸಿ. ಪೆಡ್ಲು ನಿಲ್ಲಿಸಿ ಕೇಳಲೇಬೇಕೆಂಬ ಹಟವಿದ್ದರೆ ಇಳಿಜಾರು ಬೇಕು, ಚೆನ್ನೈ ಚಪ್ಪಟೆ ಊರು. ಸೇಂಟ್ ಥಾಮಸ್ ಮೌಂಟಿಗೆ ಹೋಗಿ, ಮುನ್ನೂರು ಅಡಿ ಹತ್ತಿ. ಹತ್ತುವಾಗ ಕೇಳಿಸುವುದು ನಿಮ್ಮ ಮಂಡಿ, ಇಳಿಯುವಾಗ ಕೇಳಿಸುವುದು ಬ್ರೇಕು. ಎರಡನ್ನೂ ಹಬ್‌ನ ಖಾತೆಗೆ ಬರೆಯಿರಿ.

ಆಮೇಲೆ ತಜ್ಞರ ಅಭಿಪ್ರಾಯ. ಬೆಳಗ್ಗೆ ಪನಗಲ್ ಪಾರ್ಕಿನ ಹತ್ತಿರ ಸೈಕಲ್ ತಳ್ಳಿಕೊಂಡು ಹೋಗಿ, ವಾಕಿಂಗ್ ಮುಗಿಸಿ ಕೂತ ನಿವೃತ್ತರ ಮುಂದೆ ಚಕ್ರವನ್ನು ಒಮ್ಮೆ ತಿರುಗಿಸಿ. ಬ್ಯಾಂಕಿನಿಂದ ನಿವೃತ್ತರಾದವರು ಸೈಕಲ್ಲಿನ ವಯಸ್ಸು ಕೇಳಿ, ಇದರಲ್ಲಿ ಇನ್ನು ದುಡ್ಡು ಹಾಕಬೇಡಿ ಅನ್ನುತ್ತಾರೆ. ಮೇಷ್ಟರಾಗಿದ್ದವರು ಈಗಿನ ಗುಂಡಿಗೆ ಹಿಂದಿನ ಗುಣವಿಲ್ಲ ಅನ್ನುತ್ತಾರೆ. ಒಬ್ಬರು ಚೀನಾವನ್ನು ಬೈಯುತ್ತಾರೆ, ಇನ್ನೊಬ್ಬರು ಟೈರಿನ ಗಾಳಿ ಒತ್ತಿ ನೋಡಿ ತಲೆಯಾಡಿಸುತ್ತಾರೆ. ಎಲ್ಲವನ್ನೂ ಗೌರವದಿಂದ ಕೇಳಿಸಿಕೊಳ್ಳಿ. ಮೂಲೆಯ ಬೆಂಚಿನಲ್ಲಿ ಪೆರಂಬೂರಿನ ಐಸಿಎಫ್‌ನಿಂದ ನಿವೃತ್ತರಾದವರು ಒಬ್ಬರು ಸುಮ್ಮನೆ ಕೂತಿರಬಹುದು. 1955ರಿಂದ ರೈಲು ಬೋಗಿ ಕಟ್ಟುತ್ತಿರುವ ಕಾರ್ಖಾನೆ ಅದು. ಅವರ ಹತ್ತಿರ ಮಾತ್ರ ಹೋಗಬೇಡಿ. ಅವರಿಗೆ ಬೇರಿಂಗ್ ಗೊತ್ತು.

ಅಭಿಪ್ರಾಯ ಸಂಗ್ರಹವಾದ ಮೇಲೆ ಹಬ್ ಒಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬದಲಿಸಲು ತೊಡಗಿ. ಚೈನ್ ಕವರ್ ಉಜ್ಜುತ್ತಿದೆ ಎಂದು ಅದನ್ನು ಬಗ್ಗಿಸಿ, ನಿಜಕ್ಕೂ ಉಜ್ಜತೊಡಗುತ್ತದೆ. ಸೀರೆ ಗಾರ್ಡು ಕಿತ್ತುಹಾಕಿ. ಕ್ಯಾರಿಯರ್ ಬೋಲ್ಟು ತಿರುಪು ಸವೆಯುವವರೆಗೆ ಬಿಗಿಮಾಡಿ. ಹೊಸ ಚೈನು ಹಾಕಿಸಿ. ಹಳೇ ಫ್ರೀವೀಲಿನ ಸವೆದ ಹಲ್ಲಿಗೆ ಹೊಸ ಚೈನು ಕೂರದೆ ತುಳಿದಾಗಲೆಲ್ಲ ಹಾರುತ್ತದೆ, ಅಲ್ಲಿಗೆ ಎರಡನೇ ಸದ್ದು ಹುಟ್ಟುತ್ತದೆ. ಎರಡು ಸದ್ದಿರುವಾಗ ಮೊದಲನೆಯದರ ಬಗ್ಗೆ ಯಾರೂ ಕೇಳುವುದಿಲ್ಲ.

ನೆರೆಮನೆಯವರು ಮಾತ್ರ ಕೇಳುತ್ತಾರೆ. ಬೆಳಗಿನ ಐದೂವರೆಗೆ ನೀವು ಹಾಲಿಗೆ ಹೊರಟಾಗ ಮೇಲಿನ ಮನೆಯ ಮಾಮಿ ಬಾಲ್ಕನಿಯಿಂದ ಬಗ್ಗಿ, "ಎನ್ನ ಸತ್ತಂ ಅದು?" ಎಂದು ಸದ್ದಿನ ಬಗ್ಗೆ ತಮಿಳಿನಲ್ಲಿ ವಿಚಾರಿಸುತ್ತಾರೆ. ಆಗ ಫ್ಯಾನ್ಸಿ ಸೈಕಲ್ಲಿನವರನ್ನು ನೆನೆಸಿಕೊಳ್ಳಿ. ಭಾನುವಾರ ಬೆಳಕು ಹರಿಯುವ ಮುಂಚೆ ಈಸ್ಟ್ ಕೋಸ್ಟ್ ರೋಡಿನಲ್ಲಿ ಹೆಲ್ಮೆಟ್ಟು, ಬಿಗಿ ಚಡ್ಡಿ ತೊಟ್ಟು ಮಹಾಬಲಿಪುರದ ಕಡೆ ಹೋಗುವವರಲ್ಲಿ ಕೆಲವರು ಪೆಡ್ಲು ನಿಲ್ಲಿಸಿದರೆ ಜೇನುಗೂಡು ಎದ್ದಂತೆ ಝುಂಯ್ ಅನ್ನುತ್ತದಲ್ಲ, ಅದನ್ನು ಅವರು ದುಡ್ಡು ಕೊಟ್ಟು ತಂದಿದ್ದಾರೆ. ಅಮೆರಿಕದ ಇಂಡಸ್ಟ್ರಿ ನೈನ್ ಕಂಪನಿಯ ಹೈಡ್ರಾ ಹಬ್‌ನಲ್ಲಿ ಒಂದು ಸುತ್ತಿಗೆ 690 ಕಡೆ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಎಷ್ಟು ಕಚ್ಚಿದರೆ ಅಷ್ಟು ಪ್ರತಿಷ್ಠೆ. ಸದ್ದೇ ಬಾರದ ಹಬ್ ಮಾಡುವ ಓನಿಕ್ಸ್ ಎಂಬ ಕಂಪನಿಯೂ ಅಲ್ಲೇ ಇದೆ, ಅದಕ್ಕೂ ಕೈತುಂಬ ದುಡ್ಡು. ಸದ್ದಿಗೂ ಬೆಲೆ, ನಿಶ್ಶಬ್ದಕ್ಕೂ ಬೆಲೆ ಇರುವ ಈ ಪ್ರಪಂಚದಲ್ಲಿ ನಿಮಗೆ ಸದ್ದು ಪುಕ್ಕಟೆ ಸಿಕ್ಕಿದೆ. ಮಾಮಿಗೆ "ಸ್ಪೋರ್ಟ್ಸ್ ಹಬ್ ಮಾಮಿ, ಇಂಪೋರ್ಟೆಡ್" ಅನ್ನಿ. ಟಿಕ್‌ಟಿಕ್‌ಗೂ ಕರಕರಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿದಿದ್ದರೆ ಮಾತ್ರ ಮನೆ ಬದಲಾಯಿಸಿ.

ಇನ್ನು ಎಣ್ಣೆಯ ಅಧ್ಯಾಯ. ಇದನ್ನು ನಿಧಾನವಾಗಿ ಓದಿ, ಹೆಚ್ಚಿನ ಹಬ್‌ಗಳು ಹಾಳಾಗುವುದು ಇಲ್ಲೇ. ಹಬ್‌ಗೆ ಬೇಕಿರುವುದು ಗ್ರೀಸು. ಅದು ಗುಂಡಿಗೆ ಅಂಟಿಕೊಂಡು ಕೂರುತ್ತದೆ, ನೀರನ್ನು ಹೊರಗಿಡುತ್ತದೆ. ಹಾಗಾಗಿ ಗ್ರೀಸಿನ ಡಬ್ಬಿಯ ಕಡೆ ನೋಡಬೇಡಿ, ಅಡುಗೆಮನೆಗೆ ಹೋಗಿ. ಕೊಬ್ಬರಿ ಎಣ್ಣೆ ಒಳ್ಳೆಯ ಆರಂಭ. 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ಚೆನ್ನೈಯಲ್ಲಿ ಮಾರ್ಗಳಿಯ ಆಸುಪಾಸಿನ ಚಳಿಗಾಲದ ಮುಂಜಾವುಗಳನ್ನು ಬಿಟ್ಟರೆ ಆ ಯೋಗ ಬರುವುದಿಲ್ಲವಾದ್ದರಿಂದ, ವರ್ಷದ ಬಹುಪಾಲು ನೀರಾಗಿದ್ದು ಹಾಕಿದ ದಿನವೇ ಹರಿದುಹೋಗುತ್ತದೆ. ಹೋಗುವಾಗ ಉಳಿದಿದ್ದ ಗ್ರೀಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇನ್ನೂ ಗಟ್ಟಿ ಪರಿಣಾಮ ಬೇಕೆಂದರೆ ಬಜ್ಜಿ ಕರಿದು ಉಳಿದ ಸೂರ್ಯಕಾಂತಿ ಎಣ್ಣೆ ಬಳಸಿ. ಗಾಳಿ ತಾಗಿ ತಾಗಿ ಅದು ಅಂಟಾಗುತ್ತದೆ. ಮಾಂಬಲದ ಧೂಳು ಅದರ ಮೇಲೆ ಕೂತರೆ ಒಳಗೇ ಉಪ್ಪುಕಾಗದ ತಯಾರಾಗುತ್ತದೆ.

ವಿದ್ಯಾವಂತರು ಅಡುಗೆ ಎಣ್ಣೆಯನ್ನು ಒಪ್ಪುವುದಿಲ್ಲ. ಅವರು ಡಬ್ಲ್ಯೂಡಿ-40 ತರಲಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೀರನ್ನು ಓಡಿಸಲೆಂದು, ತುಕ್ಕು ತಡೆಯಲೆಂದು ಮಾಡಿದ ದ್ರವ ಅದು. ಅಟ್ಲಾಸ್ ಕ್ಷಿಪಣಿಯ ಮೈಗೆ ಬಳಿದರು. ಕ್ಷಿಪಣಿಯ ಮೈಗೆ ಆಗಿಬಂದದ್ದು ಸೈಕಲ್ಲಿನ ಹೊಟ್ಟೆಗೆ ಆಗದೆ ಇರುತ್ತದೆಯೇ ಎಂದು ವಾದಿಸಿ, ಕೆಂಪು ಕೊಳವೆಯನ್ನು ಕೋನಿನ ಸಂದಿಗೆ ಹಿಡಿದು ಚೆನ್ನಾಗಿ ಚಿಮ್ಮಿಸಿ. ಗ್ರೀಸು ತೆಳ್ಳಗಾಗಿ ಕಪ್ಪಗೆ ಹೊರಗಿಳಿಯುತ್ತದೆ. ಸದ್ದು ಎರಡು ದಿನ ನಿಲ್ಲುತ್ತದೆ. ಆ ಎರಡು ದಿನ ಪಾರ್ಕಿಗೆ ಹೋಗಿ ನಿಮ್ಮ ಚಿಕಿತ್ಸೆಯನ್ನು ವಿವರಿಸಿ ಬನ್ನಿ, ಮೂರನೆಯ ದಿನ ಹೋಗಬೇಡಿ.

ಎಣ್ಣೆ ಹಾಕುವ ಜಾಗವೂ ಮುಖ್ಯ. ಹಳೇ ಹಬ್‌ನ ನಡುಮೈಯಲ್ಲಿ ಎಣ್ಣೆಗೆಂದೇ ಒಂದು ತೂತಿದ್ದು, ಅದರ ಮೇಲೆ ತಗಡಿನ ಕ್ಲಿಪ್ಪು ಕೂತಿರುತ್ತದೆ. ಆ ಕ್ಲಿಪ್ಪನ್ನು ಸರಿಸಿ, ತೂತು ತೆರೆದೇ ಇಡಿ. ಎಣ್ಣೆಯನ್ನು ಮಾತ್ರ ಹಬ್‌ನ ಹೊರಮೈ ಮೇಲೆ ಧಾರಾಳವಾಗಿ ಸುರಿಯಿರಿ. ಚಕ್ರ ತಿರುಗಿದಾಗ ಅದು ಕಡ್ಡಿ ಹಿಡಿದು ಏರಿ ರಿಮ್ಮಿಗೆ ತಲುಪುತ್ತದೆ, ಅಲ್ಲಿಂದ ಬ್ರೇಕಿನ ರಬ್ಬರಿಗೆ. ಬ್ರೇಕು ಹಿಡಿಯದಿದ್ದರೆ ಸೈಕಲ್ ಸುಲಭವಾಗಿ ಓಡುತ್ತಿದೆ ಅನ್ನಿಸುತ್ತದೆ. ಜೊತೆಗೆ ಹಬ್‌ನ ಸುತ್ತ ಹಾಕುವ ಬಣ್ಣಬಣ್ಣದ ಕುಚ್ಚಿನ ಬಳೆ ಸಿಗುತ್ತದಲ್ಲ, ಚಕ್ರದ ಜೊತೆ ತಿರುಗುತ್ತ ಹೊರಮೈಯನ್ನು ತಾನೇ ಒರೆಸುವಂಥದು, ಅದನ್ನೊಂದು ಹಾಕಿಸಿ. ಹೊರಗೆ ಹೊಳೆಯುತ್ತಿದ್ದರೆ ಒಳಗಿನದನ್ನು ಯಾರೂ ಕೇಳರು.

ಎಣ್ಣೆಯಿಂದ ನಿರೀಕ್ಷಿಸಿದಷ್ಟು ಹಾಳಾಗದಿದ್ದರೆ ಊರನ್ನು ಬಳಸಿಕೊಳ್ಳಿ. ಚೆನ್ನೈ ಈ ವಿಷಯದಲ್ಲಿ ಉದಾರಿ. ಸಂಜೆ ಮರೀನಾಕ್ಕೆ ಹೋಗಿ, ಸೈಕಲ್ಲನ್ನು ರಸ್ತೆಯಲ್ಲಿ ನಿಲ್ಲಿಸದೆ ಮರಳಿನ ಮೇಲೆ ತಳ್ಳಿಕೊಂಡು ಅಲೆಯವರೆಗೂ ಕರೆದೊಯ್ಯಿರಿ. ಅದಕ್ಕೂ ಸಮುದ್ರ ನೋಡುವ ಆಸೆ ಇರುತ್ತದೆ. ಒದ್ದೆ ಮರಳಿನಲ್ಲಿ ಒಂದು ಸುತ್ತು ಓಡಿಸಿ, ಉಪ್ಪುನೀರು ಚಿಮ್ಮಲಿ. ಮನೆಗೆ ಬಂದ ಮೇಲೆ ಒರೆಸಬೇಡಿ. ಒರೆಸಲೇಬೇಕೆಂದರೆ ವಾಟರ್ ಸರ್ವಿಸ್‌ನವರ ಹತ್ತಿರ ಹೋಗಿ, ಸ್ಕೂಟರ್ ತೊಳೆಯುವ ಜೋರು ಪೈಪನ್ನು ನೇರ ಹಬ್‌ನ ಸಂದಿಗೆ ಹಿಡಿಯಲು ಹೇಳಿ. ಹೊರಗಿದ್ದ ಮರಳು ಒಳಗೆ ಸೇರುತ್ತದೆ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಳೆ. ಇದು ನಿಮ್ಮ ಸುಗ್ಗಿ. ಟಿ.ನಗರಕ್ಕೂ ಪಶ್ಚಿಮ ಮಾಂಬಲಕ್ಕೂ ನಡುವೆ ರೈಲು ಹಳಿಯ ಕೆಳಗೆ ಹಾಯುವ ದೊರೈಸ್ವಾಮಿ ಸಬ್‌ವೇ ಒಂದು ಒಳ್ಳೆಯ ಮಳೆಗೆ ತುಂಬಿಕೊಳ್ಳುತ್ತದೆ. ಬುದ್ಧಿವಂತರು ಸುತ್ತುಹಾಕಿ ಹೋಗುತ್ತಾರೆ, ನೀವು ಇಳಿಯಿರಿ. ದೊಡ್ಡ ಸೈಕಲ್ಲಿನ ಚಕ್ರ 28 ಅಂಗುಲದ್ದು, ಹಬ್ ಇರುವುದು ನೆಲದಿಂದ ಸುಮಾರು 14 ಅಂಗುಲ ಮೇಲೆ. ನೀರು ಮೊಣಕಾಲು ಮುಟ್ಟಿತೆಂದರೆ ಹಬ್ ಮುಳುಗಿದೆ ಎಂದು ಲೆಕ್ಕ, ಬಗ್ಗಿ ನೋಡುವ ಅಗತ್ಯವಿಲ್ಲ. ತೆರೆದಿಟ್ಟ ಎಣ್ಣೆಯ ತೂತು ಈಗ ಕೆಲಸಕ್ಕೆ ಬರುತ್ತದೆ. ಆ ಕಡೆ ಹತ್ತಿದ ಮೇಲೆ ಸೈಕಲ್ಲನ್ನು ಒಣಗಿಸದೆ ಮೆಟ್ಟಿಲ ಕೆಳಗೆ ನಿಲ್ಲಿಸಿ, ಪೊಂಗಲ್ ಕಳೆಯುವವರೆಗೆ ಮುಟ್ಟಬೇಡಿ. 2015ರ ಡಿಸೆಂಬರಿನ ನೆರೆಯಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಈ ಊರಿನ ಎಷ್ಟೋ ಸೈಕಲ್ಲುಗಳು ಒಂದೇ ರಾತ್ರಿಯಲ್ಲಿ ಈ ಹಂತ ದಾಟಿದವು. ಅಂಥ ಅವಕಾಶ ಪ್ರತಿವರ್ಷ ಸಿಗುವುದಿಲ್ಲ, ಸಾಮಾನ್ಯ ವರ್ಷದಲ್ಲಿ ಸಬ್‌ವೇ ಸಾಕು.

ಪೊಂಗಲ್ ಕಳೆದ ಮೇಲೆ ತೆಗೆದಾಗ ಚಕ್ರ ಕೈಯಲ್ಲಿ ತಿರುಗಿಸಿದರೂ ಅಕ್ಕಪಕ್ಕದ ಮನೆಯವರು ಬಾಗಿಲು ತೆರೆಯುತ್ತಾರೆ. ಈಗ ಬಿಚ್ಚಿ. ಮೊದಲೇ ಬಿಚ್ಚಬೇಡಿ ಎಂದದ್ದು ಸರಿಯಾಗುವ ಭಯದಿಂದ. ಈಗ ಆ ಭಯವಿಲ್ಲ.

ಬಿಚ್ಚಲು ಬಾಲ್ಕನಿ ಪ್ರಶಸ್ತ. ಮಳೆನೀರು ಹೋಗಲೆಂದು ಅಲ್ಲಿ ಮೂಲೆಯ ಕಡೆಗೆ ಇಳಿಜಾರು, ಮೂಲೆಯಲ್ಲಿ ಒಂದು ತೂತು ಇರುತ್ತದೆ. ತಟ್ಟೆ, ಬಟ್ಟೆ ಏನೂ ಹಾಸಬೇಡಿ. ಕೋನು ಹಿಡಿಯಲು ತೆಳ್ಳನೆಯ ಸ್ಪ್ಯಾನರ್ ಬೇಕು. ಅದರ ಬದಲು ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿ, ಕೋನಿನ ಅಂಚು ದುಂಡಗಾದರೆ ಮುಂದೆ ಯಾರಿಗೂ ಅದನ್ನು ಹಿಡಿಯಲಾಗದು. ಕೋನು ಸಡಿಲವಾದದ್ದೇ ಚಕ್ರವನ್ನು ಎತ್ತಿ. ಗುಂಡುಗಳು ಮೊಸಾಯಿಕ್ ನೆಲಕ್ಕೆ ಬಿದ್ದು ಠಕ್ ಠಕ್ ಎಂದು ಪುಟಿದು, ಸ್ವಲ್ಪ ಯೋಚಿಸಿದಂತೆ ನಿಂತು, ಮೂಲೆಯ ಕಡೆ ಹೊರಳುತ್ತವೆ. ಹಿಂದೆ ಓಡಬೇಡಿ, ಓಡಿದರೆ ಕಾಲಿಗೆ ಸಿಕ್ಕ ಒಂದು ಇನ್ನೂ ದೂರ ಹೋಗುತ್ತದೆ. ಉಳಿದುದನ್ನು ಎಣಿಸಿ. ಹದಿನೆಂಟು ಇರಬೇಕಾದಲ್ಲಿ ಹದಿನಾಲ್ಕೋ ಹದಿನೈದೋ ಸಿಗುತ್ತವೆ. ಅವುಗಳಲ್ಲೊಂದನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ಗುಂಡಿನಲ್ಲಿ ಕಿಟಕಿ ಕಾಣಿಸಬೇಕು, ಇದರಲ್ಲಿ ಮಂಕು ಬೂದುಬಣ್ಣವೂ ಒಂದು ಕಡೆ ಚಪ್ಪಟೆಯಾದ ಗುರುತೂ ಕಾಣುತ್ತವೆ. ಕೋನಿನ ಮೇಲೆ ಉಗುರು ಎಳೆಯಿರಿ, ಗುಳಿಗೆ ತಡೆದು ನಿಲ್ಲುತ್ತದೆ. ಕಪ್‌ನೊಳಗೆ ಬೆರಳಾಡಿಸಿ, ಅಲ್ಲೂ ತಡೆದರೆ ನಿಮ್ಮ ಮುಕ್ಕಾಲು ಕೆಲಸ ಮುಗಿಯಿತು.

ಕಳೆದುಹೋದ ಗುಂಡಿಗೆ ಬದಲಿ ತನ್ನಿ. ಅಳತೆ ಕೇಳಿದರೆ "ಆರು ಎಂಎಂ" ಅನ್ನಿ. ಬೇಕಾದದ್ದು ಕಾಲಂಗುಲ, ಅಂದರೆ 6.35 ಮಿಲಿಮೀಟರ್. ಆರು ಎಂಎಂ ಗುಂಡು ನೋಡಲು ಅದರಂತೆಯೇ ಇರುತ್ತದೆ, ಭಾರ ಮಾತ್ರ ಹೊರುವುದಿಲ್ಲ. ಹಳೇ ಗುಂಡುಗಳು ಹೊರುತ್ತಿರಲಿ, ಇದು ಪಕ್ಕದಲ್ಲಿ ನಿಂತು ಸದ್ದು ಮಾಡುತ್ತದೆ. ಒಂದು ಕಡೆ ಎಂಟು, ಇನ್ನೊಂದು ಕಡೆ ಹತ್ತು ತುರುಕಿ ಹದಿನೆಂಟರ ಲೆಕ್ಕ ಸರಿದೂಗಿಸಿ. ಹತ್ತನೆಯದು ಕೂರುವುದಿಲ್ಲ. ಕೋನು ಬಿಗಿಮಾಡಿದರೆ ತಾನೇ ಜಾಗ ಮಾಡಿಕೊಳ್ಳುತ್ತದೆ.

ಬಿಗಿ ಮಾಡುವುದರಲ್ಲಿ ಎರಡು ಪಂಥಗಳಿವೆ, ಎರಡೂ ಒಳ್ಳೆಯವು. ಸರಿಯಾದ ಹದವೆಂದರೆ ಆಕ್ಸಲನ್ನು ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಬೇಕು, ಅಲ್ಲಾಡಿಸಿದರೆ ಅಲ್ಲಾಡಬಾರದು. ಚಕ್ರ ಕೂರಿಸಿ ಸುಮ್ಮನೆ ಬಿಟ್ಟರೆ ವಾಲ್ವಿನ ಭಾರಕ್ಕೇ ಅತ್ತಿತ್ತ ತೂಗಿ, ವಾಲ್ವು ಕೆಳಗೆ ಬಂದು ನಿಲ್ಲಬೇಕು. ಇದಕ್ಕೆ ಕಾಲು ಸುತ್ತು ಹೆಚ್ಚು, ಕಾಲು ಸುತ್ತು ಕಡಿಮೆ ಎಂದು ನಾಲ್ಕೈದು ಸಲ ನೋಡಬೇಕಾಗುತ್ತದೆ. ನಿಮಗೆ ಅಷ್ಟು ಪುರುಸೊತ್ತಿಲ್ಲ. ದೇಹಬಲವಿದ್ದರೆ ಚಕ್ರ ತಿರುಗದಷ್ಟು ಬಿಗಿಮಾಡಿ, ಓಡುತ್ತ ಓಡುತ್ತ ಸಡಿಲವಾಗುತ್ತದೆ ಅನ್ನಿ. ಬಲವಿಲ್ಲದಿದ್ದರೆ ರಿಮ್ಮು ಎಡಕ್ಕೂ ಬಲಕ್ಕೂ ವಾಲಾಡುವಷ್ಟು ಸಡಿಲ ಬಿಡಿ, ಓಡುತ್ತ ಓಡುತ್ತ ಬಿಗಿಯಾಗುತ್ತದೆ ಅನ್ನಿ. ಲಾಕ್ ನಟ್ ಹಾಕುವುದನ್ನು ಎರಡೂ ಪಂಥದವರು ಮರೆಯಲಿ.

ಕೈ ಹೇಗೂ ಕೊಳೆಯಾಗಿದೆ, ಫ್ರೀವೀಲನ್ನೂ ಬಿಟ್ಟುಬಿಡಬೇಡಿ. ಅದರ ಮುಖದ ಮೇಲೆ ಎರಡು ಚಿಕ್ಕ ತೂತುಗಳಿರುವ ಬಳೆಯಿದೆ. ಅದಕ್ಕೆ ಉಲ್ಟಾ ಥ್ರೆಡ್ಡು. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ನೀವು ಜಗತ್ತಿನ ಉಳಿದೆಲ್ಲ ನಟ್ಟಿನ ಹಾಗೆ ಎಡಕ್ಕೆ ತಿರುಗಿಸಿ. ಬಿಗಿಯಾಗುತ್ತ ಹೋದಂತೆ ತುಕ್ಕು ಹಿಡಿದಿದೆ ಎಂದು ತಿಳಿದು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಪಕ್ಕದ ಮನೆಯ ಹುಡುಗ ಬಂದು ಬಲಕ್ಕೆ ತಿರುಗಿಸಿ ತೆಗೆದುಕೊಟ್ಟರೆ ನಿಮ್ಮ ಹೊಡೆತಕ್ಕೆ ಸಡಿಲವಾಗಿತ್ತು ಅನ್ನಿ. ತೆರೆದ ಕೂಡಲೇ ಒಳಗಿನ ಪುಟ್ಟ ಗುಂಡುಗಳು ಉದುರುತ್ತವೆ, ಅಂಗುಲದ ಎಂಟನೇ ಒಂದು ಭಾಗದವು, ಬೇಕಾದಷ್ಟು. ಅವನ್ನು ಗುಡಿಸಿ ಎತ್ತಿ, ಕಸದ ಸಮೇತ ವಾಪಸ್ ಹಾಕಿ. ಸ್ಪ್ರಿಂಗು ಎಲ್ಲಿ ಹಾರಿತೆಂದು ಹುಡುಕಬೇಡಿ.

ಫ್ರೀವೀಲಿಗೆ ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾದ ಎಣ್ಣೆ ನಾಲ್ಕು ಹನಿ ಬಿಟ್ಟರೆ ಸಾಕು. ಆದ್ದರಿಂದ ಇಷ್ಟು ದಿನ ದೂರವಿಟ್ಟ ಗ್ರೀಸಿನ ಡಬ್ಬಿಯನ್ನು ಈಗ ತೆರೆಯಿರಿ, ದಪ್ಪ ಗ್ರೀಸನ್ನು ಬೆರಳಲ್ಲಿ ತುಂಬಿ ತುಂಬಿ ಒತ್ತಿ. ಕೊಕ್ಕೆಗಳು ಗ್ರೀಸಿನಲ್ಲಿ ಹುದುಗಿ ಮೇಲೇಳಲಾರದೆ ಮಲಗುತ್ತವೆ. ಸದ್ದು ಪೂರ್ತಿ ನಿಲ್ಲುತ್ತದೆ. ಓನಿಕ್ಸ್ ಹಬ್‌ನ ನಿಶ್ಶಬ್ದ ನಿಮ್ಮ ಸೈಕಲ್ಲಿಗೂ ಬಂತು. ಸೈದಾಪೇಟೆ ಸಿಗ್ನಲ್ಲಿನಲ್ಲಿ ಹಸಿರು ಬಿದ್ದು, ಹಿಂದಿನ ಬಸ್ಸು ಹಾರ್ನ್ ಮಾಡಿ, ನೀವು ಎದ್ದು ನಿಂತು ಪೂರ್ತಿ ಭಾರ ಬಿಟ್ಟು ತುಳಿದಾಗ ಪೆಡ್ಲು ಗಾಳಿಯಲ್ಲಿ ತಿರುಗುತ್ತದೆ, ಚಕ್ರ ಅಲ್ಲೇ ಇರುತ್ತದೆ. ಬಾರು ಎಲ್ಲಿದೆ ಎಂಬುದು ಆಗ ಚೆನ್ನಾಗಿ ತಿಳಿಯುತ್ತದೆ.

ಅಲ್ಲಿಂದ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಮೊದಲೇ ಹೋಗಿದ್ದರೆ ಅವರು ಕ್ಯಾರಿಯರ್ ಹಿಡಿದು ಹಿಂದಿನ ಚಕ್ರ ಎತ್ತಿ, ಒಮ್ಮೆ ತಿರುಗಿಸಿ, ಕಿವಿಗೊಟ್ಟು, ಟೈರಿನ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಡಿ ಕೆಳಗಿಡುವಷ್ಟರಲ್ಲಿ ರೋಗ ಹೇಳುತ್ತಿದ್ದರು. ಈಗಲೂ ಹಾಗೇ ಹೇಳುತ್ತಾರೆ.

"ಅಣ್ಣಾ, ಕೊಂಜಂ ಎಣ್ಣೆ ಮಟ್ಟುಂ ವಿಡುಂಗೊ" ಅನ್ನಿ, ಸ್ವಲ್ಪ ಎಣ್ಣೆ ಮಾತ್ರ ಬಿಡಿ ಎಂದು.

"ಎಣ್ಣೆ ಎದುಕ್ಕು ಸಾರ್? ಕೋನ್ ಪೋಚ್ಚು. ಕಪ್ಪುಂ ಪೋಚ್ಚು" ಅನ್ನುತ್ತಾರೆ, ಕೋನೂ ಹೋಯಿತು, ಕಪ್ಪೂ ಹೋಯಿತು ಎಂದು.

ನಂಬಬೇಡಿ. ಎಲ್ಲ ಮೆಕ್ಯಾನಿಕ್ಕುಗಳೂ ಹಾಗೇ ಹೇಳುವುದು ಎಂದು ಅವರಿಗೆ ಕೇಳಿಸುವಂತೆ ಕನ್ನಡದಲ್ಲಿ ಹೇಳಿ. ಅರ್ಥವಾಗುತ್ತದೆ. ಹಬ್ ಬದಲಿಸದೆ ಬರೀ ಕೋನು ಹಾಕಿಕೊಡಲು ಹಟ ಹಿಡಿಯಿರಿ. ಗುಳಿಬಿದ್ದ ಕಪ್ಪಿನಲ್ಲಿ ಹೊಸ ಕೋನು, ಹೊಸ ಗುಂಡು ಒಂದು ತಿಂಗಳು ನಿಲ್ಲುವುದಿಲ್ಲ ಎಂದು ಅವರು ಹೇಳಲಿ, ನೀವು ತಲೆಯಾಡಿಸಿ ಹಾಕಿಸಿಕೊಳ್ಳಿ. ಹೀಗೆ ಕೋನಿನ ದುಡ್ಡನ್ನು ಎರಡು ಸಲ, ಮೂರು ಸಲ ಕೊಟ್ಟ ಮೇಲೆ ಹಬ್‌ಗೆ ಒಪ್ಪಿಗೆ ಕೊಡಿ. ಹಬ್‌ನಲ್ಲಿ ಅಗ್ಗದ್ದು ಕೇಳಿ. ಅವರು 36 ತೂತಿನದೊಂದನ್ನು ತೋರಿಸಿ, ನಿಮ್ಮ ರಿಮ್ಮು 40ರದ್ದು, ಇದು ಆಗದು ಅಂದರೆ, ನಾಲ್ಕು ತಾನೇ ವ್ಯತ್ಯಾಸ ಎಂದು ಕೇಳಿ ನೋಡಿ. ಅವರು ಬಹಳ ಹೊತ್ತು ನಿಮ್ಮ ಮುಖ ನೋಡಿ, ಬೀಡಿ ಹಚ್ಚುತ್ತಾರೆ. ಆಗ ರಿಮ್ಮನ್ನೂ ಬದಲಿಸಲು ಹೇಳಿ. ಚೌಕಾಸಿ ಮಾಡಿ ಉಳಿಸಿದ ದುಡ್ಡಿನಲ್ಲಿ ಬಣ್ಣದ ಕುಚ್ಚು ಹೊಸದು ಕೊಳ್ಳಿ.

ಹೊಸ ಚಕ್ರ ಸದ್ದಿಲ್ಲದೆ ತಿರುಗುವುದರಿಂದ ಕೆಲವು ದಿನ ಬೇಸರವಾಗುವುದು ಸಹಜ. ಮುಂದಿನ ಚಕ್ರದ ಕಡೆ ಕಿವಿಯಿಡಿ. ಅದರ ಹಬ್‌ನಲ್ಲಿ ಎರಡು ಕಡೆಗೂ ಹತ್ತತ್ತು ಗುಂಡು, ಅಂಗುಲದ ಹದಿನಾರನೇ ಮೂರು ಭಾಗದವು, ಹಿಂದಿನದಕ್ಕಿಂತ ಚಿಕ್ಕವು. ಬಾಲ್ಕನಿಯಲ್ಲಿ ಮಿಕ್ಕ ಕಾಲಂಗುಲದ ಗುಂಡುಗಳನ್ನು ಎಸೆಯಬೇಡಿ, ಇದಕ್ಕೆ ಹಾಕಿ. ಹಿಡಿಸುವುದಿಲ್ಲ. ಉಳಿ, ಸುತ್ತಿಗೆ ಇನ್ನೂ ಮೆಟ್ಟಿಲ ಕೆಳಗೇ ಇವೆ.